ಹಿಮದ ಗಾಡಿಗೂ ಮೈಲೇಜು

ನನಗೆ ಜಂಬವಿದೆ. ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಇಲ್ಲದಿದ್ದರೆ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನೀವೇ ಕಂಡುಹಿಡಿದು ಮೂಗು ಮುರಿಯುತ್ತೀರಿ. ರೂಪದ ಬಗ್ಗೆ ಜಂಬಪಡಲು ದೇವರು ಅವಕಾಶ ಕೊಡಲಿಲ್ಲ. ಅಡುಗೆಯ ಬಗ್ಗೆ ಜಂಬಪಡಲು ನಮ್ಮ ಮನೆಯವರು ಕೊಡಲಿಲ್ಲ. ದಾವಣಗೆರೆಯ ಕಾಲೇಜೊಂದರಲ್ಲಿ ಒಂಬತ್ತು ವರ್ಷ ವಾಣಿಜ್ಯಶಾಸ್ತ್ರ ಪಾಠ ಮಾಡಿದವಳು ಎಂಬ ಜಂಬವೊಂದಿತ್ತು. ಮೆಲ್ಬರ್ನಿಗೆ ಬಂದು ಔಷಧಿಯ ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ ಮೇಲೆ ಅದೂ ಸೂಟ್‌ಕೇಸಿನ ತಳ ಸೇರಿತು. ಈಗ ಉಳಿದಿರುವುದು ಒಂದೇ ಜಂಬ. ಮುಷ್ಕರ ಹೂಡಿ ನಿಂತ ಟೂ ಸ್ಟ್ರೋಕ್ ಎಂಜಿನ್ನನ್ನು ನಾನು ಸ್ಟಾರ್ಟ್ ಮಾಡಬಲ್ಲೆ.

ಈ ವಿದ್ಯೆ ನನಗೆ ಬಂದದ್ದು ಆಸಕ್ತಿಯಿಂದಲ್ಲ, ಅನಿವಾರ್ಯತೆಯಿಂದ. ಕಾಲೇಜಿಗೆ ಹೋಗಲು ನಾನು ಕೊಂಡಿದ್ದು ಮೂರು ಕೈ ದಾಟಿ ಬಂದ ಸ್ಕೂಟರು. ಮೊದಲ ಮೂವರು ಮಾಲೀಕರಿಗೂ ಅದು ಏನೇನು ಕಾಟ ಕೊಟ್ಟಿತ್ತೋ, ಅದೆಲ್ಲವನ್ನೂ ನೆನಪಿಟ್ಟುಕೊಂಡು ನನಗೂ ಕೊಟ್ಟಿತು. ವಾರಕ್ಕೆರಡು ದಿನ ಅದನ್ನು ಮುನೀರ್ ಸಾಬರ ಗ್ಯಾರೇಜಿಗೆ ತಳ್ಳಿಕೊಂಡು ಹೋಗುತ್ತಿದ್ದೆ. ಅಲ್ಲಿದ್ದ ಒಂದು ಮರದ ಸ್ಟೂಲು ಕ್ರಮೇಣ ನನ್ನದೇ ಎಂದಾಯಿತು. ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತ, ಒಂದು ಕಣ್ಣಿನಲ್ಲಿ ಸಾಬರ ಕೈಯನ್ನು ನೋಡುತ್ತ ಕೂರುತ್ತಿದ್ದೆ. ಯಾವ ವಿದ್ಯಾರ್ಥಿಗೆ ಎಷ್ಟು ಅಂಕ ಕೊಟ್ಟೆನೋ ಈಗ ನೆನಪಿಲ್ಲ. ಸಾಬರು ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚುವಾಗ ಮೊದಲು ಅದನ್ನು ಮೂಸಿ ನೋಡುತ್ತಿದ್ದರು ಎಂಬುದು ಚೆನ್ನಾಗಿ ನೆನಪಿದೆ. "ಮೇಡಂ, ಸ್ಪ್ಯಾನರ್ ಆಮೇಲೆ ಹಿಡೀರಿ. ಮೊದ್ಲು ಅದು ಹೆಂಗ್ ಕೆಮ್ಮತೈತಿ ಕೇಳ್ರಿ" ಎಂಬುದು ಅವರ ಮೊದಲ ಪಾಠ.

ನಿಮಗೂ ಆ ಕಾಲದ ಬೆಳಗುಗಳು ನೆನಪಿರಬಹುದು. ಪ್ರತಿ ಬೀದಿಯಲ್ಲೂ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಗೃಹಸ್ಥರು, ಮಗುವಿಗೆ ಹರಳೆಣ್ಣೆ ಕುಡಿಸುವವರ ಹಾಗೆ, ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿಕೊಂಡು ನಿಂತಿರುತ್ತಿದ್ದರು. ಒಂದು ನಿಮಿಷ ವಾಲಿಸಿ, ನೆಟ್ಟಗೆ ಮಾಡಿ, ಆಕ್ಸಿಲರೇಟರ್ ತಿರುವಿ ಒಂದು ಒದೆ ಒದ್ದರೆ ಗಾಡಿ ಹೊಗೆಯುಗುಳುತ್ತ ಎಚ್ಚರಗೊಳ್ಳುತ್ತಿತ್ತು. ವಾಲಿಸುವುದು ಏಕೆಂದು ಕೇಳಿದರೆ ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ಗೊತ್ತಿರಲಿಲ್ಲ. ಅವರಪ್ಪ ವಾಲಿಸುತ್ತಿದ್ದರು, ಇವರೂ ವಾಲಿಸುತ್ತಿದ್ದರು. ನನಗೆ ಮಾತ್ರ ಗೊತ್ತಿತ್ತು. ಕಾರ್ಬುರೇಟರ್ ಎಂದರೆ ಎಂಜಿನ್ನಿನ ಅಡುಗೆಮನೆ. ಅಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಒಳಗೆ ಬಡಿಸುತ್ತಾರೆ. ಚಳಿಯ ಬೆಳಗಿನಲ್ಲಿ ಪೆಟ್ರೋಲು ಸೋಮಾರಿಯಾಗಿ ತಳದಲ್ಲೇ ಕೂತಿರುತ್ತದೆ. ವಾಲಿಸಿದರೆ ಅಷ್ಟಿಷ್ಟು ಹೆಚ್ಚಾಗಿ ಒಳಗೆ ಇಳಿಯುತ್ತದೆ. ಇಷ್ಟೇ ವಿಷಯ. ಇದನ್ನು ತಿಳಿದುಕೊಂಡ ದಿನ ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ವಿವರಿಸಿದೆ. ಯಾರೂ ಕೇಳಿರಲಿಲ್ಲ.

ಇನ್ನೊಂದು ಪಾಠವೂ ಇತ್ತು. ಅದರಿಂದಲೇ ಮುಂದೆ ನಾನು ಕೆಟ್ಟದ್ದು, ಆದ್ದರಿಂದ ಹೇಳಲೇಬೇಕು. ನಮ್ಮ ಕಡೆ ಗಾಡಿ ರಿಪೇರಿಯಾಯಿತು ಎಂದರೆ ಅದು ಓಡುತ್ತದೆ ಎಂದಷ್ಟೇ ಅರ್ಥವಲ್ಲ. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ನೋಡಬೇಕು. ಸಾಬರು ಒಂದು ಸಣ್ಣ ಬಾಟಲಿಯಲ್ಲಿ ಅಳತೆಯ ಪೆಟ್ರೋಲು ಹಾಕಿ, ಹ್ಯಾಂಡಲಿಗೆ ನೇತುಹಾಕಿ, ಅದು ಮುಗಿದು ಗಾಡಿ ನಿಲ್ಲುವವರೆಗೆ ಪಿ.ಬಿ. ರಸ್ತೆಯಲ್ಲಿ ಓಡಿಸಿ, ನಿಂತಲ್ಲಿಂದ ತಳ್ಳಿಕೊಂಡು ಬರುತ್ತಿದ್ದರು. ಆಮೇಲೆ ಕಾರ್ಬುರೇಟರಿನ ಪಕ್ಕದ ಪುಟ್ಟ ಸ್ಕ್ರೂ ಒಂದನ್ನು ಕೂದಲೆಳೆಯಷ್ಟು ತಿರುವುತ್ತಿದ್ದರು. ಅದನ್ನು ಸಡಿಲಿಸಿದರೆ ಗಾಳಿ ಹೆಚ್ಚು, ಬಿಗಿದರೆ ಪೆಟ್ರೋಲು ಹೆಚ್ಚು. ಎಂಜಿನ್ ಅರೆಹೊಟ್ಟೆಯಲ್ಲಿದ್ದೂ ಗೊಣಗದೆ ಓಡುವ ಒಂದು ಬಿಂದುವಿದೆ. ಅದನ್ನು ಹಿಡಿದವನೇ ನಮ್ಮೂರಿನಲ್ಲಿ ನಿಜವಾದ ಮೆಕ್ಯಾನಿಕ್. ನಾಲ್ಕು ವರ್ಷ ಸ್ಟೂಲಿನ ಮೇಲೆ ಕೂತ ನಂತರ ಒಂದು ದಿನ ನಾನೇ ಸ್ಕ್ರೂ ತಿರುವಿ ಆ ಬಿಂದು ಹಿಡಿದೆ. ಸಾಬರು ಕಿವಿಗೊಟ್ಟು ಕೇಳಿ, "ಪರವಾಗಿಲ್ಲ ಮೇಡಂ" ಎಂದರು. ಆ ಒಂದು ಮಾತನ್ನು ನಾನು ಹತ್ತು ವರ್ಷ ಉಪ್ಪಿನಕಾಯಿಯ ಹಾಗೆ ಸ್ವಲ್ಪ ಸ್ವಲ್ಪವೇ ನೆಕ್ಕಿಕೊಂಡು ಬದುಕಿದ್ದೇನೆ.

ಇನ್ನು ಆಸ್ಟ್ರೇಲಿಯಕ್ಕೆ ಬರೋಣ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಮನೆಯವರು ಇಲ್ಲಿ ಓದಿ, ಕೆಲಸ ಹಿಡಿದು, ಪಿಆರ್ ಸಿಕ್ಕಿ, ನಾವು ಮೆಲ್ಬರ್ನಿನ ಹೊರವಲಯದ ಕ್ರೇಗಿಬರ್ನಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಆಗಿನ್ನೂ ಅಲ್ಲಿ ಮನೆಗಳಿಗಿಂತ ಗಾಳಿಯೇ ಜಾಸ್ತಿ. ನಮ್ಮ ಹೊಸ ಸಾಲಿನ ಕೊನೆಗೆ, ಬಡಾವಣೆ ಬರುವ ಮುಂಚಿನಿಂದಲೂ ಇದ್ದ ಒಂದೇ ಒಂದು ಹಳೆಯ ಮನೆಯಲ್ಲಿ ಜೋನ್ ಎಂಬ ಎಪ್ಪತ್ತೊಂದು ವರ್ಷದ ಹೆಂಗಸಿದ್ದಳು. ಬೇಲಿಯಾಚೆಯಿಂದ ಕೈಯಾಡಿಸುವಷ್ಟು ಪರಿಚಯ. ವರ್ಷಕ್ಕೆ ನಾಲ್ಕು ತಿಂಗಳು, ಸರಿಯಾಗಿ ಇಲ್ಲಿ ಜೂನಿಗೆ ಶುರುವಾಗುವ ಚಳಿಗಾಲದಲ್ಲಿ, ಅವಳು ಎಲ್ಲಿಗೋ ಮಾಯವಾಗುತ್ತಿದ್ದಳು. ಈ ವಯಸ್ಸಿನವರು ಚಳಿಯಿಂದ ತಪ್ಪಿಸಿಕೊಳ್ಳಲು ಉತ್ತರದ ಬಿಸಿಲಿಗೆ ಹೋಗುತ್ತಾರೆ ಎಂದು ಕೇಳಿದ್ದೆ. ಇವಳೂ ಹಾಗೆಯೇ ಎಂದುಕೊಂಡಿದ್ದೆ.

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಚಪಾತಿ ಹಿಟ್ಟು ಕಲಸುತ್ತಿದ್ದೆ. ಬೇಲಿಯಾಚೆಯಿಂದ ಒಂದು ಶಬ್ದ ಬಂತು. ಜನರೇಟರಿನ ಹಗ್ಗ ಎಳೆದ ಹಾಗೆ ಸರ್ ಎಂದು, ಹಿಂದೆಯೇ ಎರಡು ಕೆಮ್ಮು. ಮತ್ತೆ ಸರ್, ಮತ್ತೆ ಎರಡು ಕೆಮ್ಮು. ನನ್ನ ಮೈಯೆಲ್ಲ ಕಿವಿಯಾಯಿತು. ಟೂ ಸ್ಟ್ರೋಕ್. ಕಿಡಿ ಬರುತ್ತಿದೆ, ಪೆಟ್ರೋಲು ಬರುತ್ತಿಲ್ಲ. ಹತ್ತು ಸಲ ಎಳೆಯುವವರೆಗೆ ಸಭ್ಯಳಾಗಿ ಸುಮ್ಮನಿದ್ದೆ. ಹನ್ನೊಂದನೆಯದಕ್ಕೆ ಹಿಟ್ಟಿನ ಕೈಯಲ್ಲೇ ಬೇಲಿ ಸುತ್ತಿ ಹೋಗಿ ಅವಳ ಗ್ಯಾರೇಜಿನ ಬಾಗಿಲಲ್ಲಿ ನಿಂತೆ.

ಅಲ್ಲಿದ್ದುದು ಸ್ಕೂಟರೂ ಅಲ್ಲ, ಹುಲ್ಲು ಕತ್ತರಿಸುವ ಯಂತ್ರವೂ ಅಲ್ಲ. ಉದ್ದನೆಯ ಸೀಟು, ಸ್ಕೂಟರಿನಂಥದೇ ಹ್ಯಾಂಡಲು, ಮುಂದೆ ಚಕ್ರವಿರಬೇಕಾದಲ್ಲಿ ಎರಡು ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ. ಅದು ಹಿಮದ ಮೇಲೆ ಓಡುವ ಗಾಡಿ, ಸ್ನೋಮೊಬೈಲ್. ಜೋನ್ ಅದಕ್ಕೆ ಬೆರಿಲ್ ಎಂದು ಹೆಸರಿಟ್ಟಿದ್ದಳು. ಆಯುಸ್ಸೆಲ್ಲ ಒಂದು ಹರಳು ಹಿಮ ಬೀಳದ ಕ್ರೇಗಿಬರ್ನಿನಲ್ಲಿ ಇದೇನು ಮಾಡುತ್ತಿದೆ ಎಂದು ಕೇಳಿದಾಗ ವಿಷಯ ಗೊತ್ತಾಯಿತು. ಇಲ್ಲಿಂದ ನಾಲ್ಕು ಗಂಟೆ ದೂರದ ಬೆಟ್ಟದ ಮೇಲೆ, ಹಿಮದಲ್ಲಿ ಜಾರುವ ಸ್ಕೀ ಆಟದ ಕ್ಲಬ್ಬೊಂದರ ವಸತಿಗೃಹವಿದೆ. ಜೋನ್ ಇಪ್ಪತ್ತೆರಡು ಚಳಿಗಾಲದಿಂದ ಅದರ ಮೇಲ್ವಿಚಾರಕಿ. ಕಾರುಗಳು ಕೆಳಗೇ ನಿಲ್ಲುತ್ತವೆ. ಅಲ್ಲಿಂದ ಅತಿಥಿಗಳ ಪೆಟ್ಟಿಗೆ, ಹಾಲು, ಬ್ರೆಡ್ಡು ಎಲ್ಲವನ್ನೂ ಬೆಳಗಾಗೆದ್ದು ಹಿಮದ ಮೇಲೆ ಎಳೆದು ತರುವುದು ಮೇಲ್ವಿಚಾರಕಿಯ ಕೆಲಸ. ಹೋದ ವರ್ಷ ಚಳಿ ಹೆಚ್ಚಿದ ಬೆಳಗುಗಳಲ್ಲಿ ಬೆರಿಲ್ ಏಳಲಿಲ್ಲ, ಅತಿಥಿಗಳೇ ಪೆಟ್ಟಿಗೆ ಹೊತ್ತರು. ಕ್ಲಬ್ಬಿನ ಕಾರ್ಯದರ್ಶಿ ಗ್ರಹಾಂ ಈ ವರ್ಷ ಖಡಾಖಂಡಿತವಾಗಿ ಹೇಳಿದ್ದ. ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ವಸತಿಗೃಹ ತೆರೆಯುತ್ತದೆ. ಆ ಭಾನುವಾರ ಬೆಳಿಗ್ಗೆ, ತಣ್ಣಗಿರುವ ಗಾಡಿಯನ್ನು ಜೋನ್ ತನ್ನ ಕೈಯಾರೆ ಸ್ಟಾರ್ಟ್ ಮಾಡಿ ತೋರಿಸಬೇಕು. ಆಗದಿದ್ದರೆ ಸ್ವಂತ ಗಾಡಿ ಇರುವ ಒಬ್ಬ ಯುವಕ ತಯಾರಿದ್ದಾನೆ, ಕೆಲಸ ಅವನಿಗೆ.

ರಿಪೇರಿಯ ಅಂಗಡಿಯವರು ಇಷ್ಟು ಹಳೆಯ ಕಾಲದ ಗಾಡಿಯನ್ನು ಮುಟ್ಟುವುದಿಲ್ಲ ಎಂದಿದ್ದರಂತೆ. ಗಾಡಿ ಹಳೆಯದೆಂದು ಅವರು ಹೇಳಿದ್ದು ನನ್ನನ್ನೇ ಹೇಳಿದ ಹಾಗಿತ್ತು ಎಂದು ಅವಳು ನಕ್ಕಳು. ನಗು ಮುಗಿದ ಮೇಲೂ ಹಗ್ಗದ ಹಿಡಿ ಅವಳ ಕೈಯಲ್ಲೇ ಇತ್ತು. ಬೆಟ್ಟವಿಲ್ಲದೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಏನು ಮಾಡುವುದೋ ತನಗೆ ನಿಜಕ್ಕೂ ಗೊತ್ತಿಲ್ಲ ಎಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನಗೆ ಎಂಜಿನ್ ಗೊತ್ತೇ ಎಂದು ಕೇಳಿದಳು. ನಾನು ಈ ದೇಶಕ್ಕೆ ಬಂದು ಮೂರು ವರ್ಷವಾಗಿತ್ತು. ನಿನಗೇನು ಗೊತ್ತು ಎಂದು ಯಾರಾದರೂ ಕೇಳಿದ್ದು ಅದೇ ಮೊದಲು. ಕಣ್ಣು ಸ್ವಲ್ಪ ಒದ್ದೆಯಾಯಿತು. ಪೆಟ್ರೋಲಿನ ವಾಸನೆಗೆ ಎಂದು ಮರೆಸಿದೆ.

ಅಂದಿನಿಂದ ನನ್ನ ಶನಿವಾರಗಳು ಜೋನ್‌ಳ ಗ್ಯಾರೇಜಿನಲ್ಲಿ ಕಳೆದವು. ವನಜಾ ಎಂಬ ನನ್ನ ಹೆಸರನ್ನು ಅವಳು ಮೊದಲ ವಾರವೇ ಮೊಟಕು ಮಾಡಿ ವ್ಯಾನ್ ಎಂದು ಕರೆಯತೊಡಗಿದಳು. ಐದಡಿಯ ನನ್ನನ್ನು ಹಾಗೆ ಕರೆದದ್ದು ಕೇಳಿ ನಮ್ಮ ಮನೆಯವರು ಎರಡು ದಿನ ನಕ್ಕರು. ಕಾರ್ಬುರೇಟರ್ ಬಿಚ್ಚಿ ತಳದ ಬಟ್ಟಲನ್ನು ತೆಗೆದಾಗ ಒಳಗೆ ಹಳೆಯ ಪೆಟ್ರೋಲು ಒಣಗಿ ಜೋನಿಬೆಲ್ಲದ ಬಣ್ಣದ ಅಂಟಾಗಿತ್ತು. ಪೆಟ್ರೋಲು ಹಾಯುವ ಜೆಟ್ ಎಂಬ ಹಿತ್ತಾಳೆಯ ತುಣುಕಿನ ತೂತು ಪೂರ್ತಿ ಮುಚ್ಚಿಹೋಗಿತ್ತು. ಆ ತೂತು ಎಷ್ಟು ಸಣ್ಣದೆಂದರೆ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ಮಾತ್ರ ಇದೆಯೋ ಇಲ್ಲವೋ ತಿಳಿಯುತ್ತದೆ. ಅವಸರದವರು ಗುಂಡುಸೂಜಿ ತೂರಿಸಿ ತೂತನ್ನೇ ಅಗಲ ಮಾಡುತ್ತಾರೆ. ಸಾಬರ ಶಿಷ್ಯೆ ಹಾಗೆ ಮಾಡಲಿಲ್ಲ. ಕೆಟ್ಟ ಇಸ್ತ್ರಿಪೆಟ್ಟಿಗೆಯ ವೈರಿನೊಳಗಿಂದ ತಾಮ್ರದ ಒಂದೇ ಎಳೆ ತೆಗೆದು, ಮೆಲ್ಲಗೆ ತೂರಿಸಿ, ಬಾಯಿಟ್ಟು ಊದಿದೆ. ಬೆಳಕಿಗೆ ಹಿಡಿದಾಗ ಒಂದು ಚುಕ್ಕಿ ಮಿಣುಕಿತು. ಜೋನ್‌ಗೂ ತೋರಿಸಿದೆ. ಅವಳು ಕನ್ನಡಕ ತೆಗೆದು, ಮತ್ತೆ ಹಾಕಿ, ನಕ್ಷತ್ರ ಕಂಡವಳ ಹಾಗೆ ಉಸಿರೆಳೆದುಕೊಂಡಳು. ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಉಣಿಸುವ ಚೋಕಿನ ತಂತಿ ಸಡಿಲವಾಗಿ, ಎಳೆದರೂ ಚೋಕ್ ಅರ್ಧಕ್ಕೇ ತೆರೆಯುತ್ತಿತ್ತು. ಅದನ್ನೂ ಬಿಗಿದೆ, ಗಾಡಿ ಎದ್ದಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಸಂತಳಾಗಿರುತ್ತಿದ್ದೆ. ಆದರೆ ಅಂದು ಸಂಜೆ ಸಿಡ್ನಿಗೆ ಫೋನ್ ಮಾಡಿದೆ. ಬ್ಲ್ಯಾಕ್‌ಟೌನಿನಲ್ಲಿ ನನ್ನ ಅಣ್ಣ ಪ್ರಕಾಶಣ್ಣ ಇದ್ದಾನೆ. ನಮ್ಮ ವಂಶದಲ್ಲಿ ಗಾಡಿಗಳ ಬಗ್ಗೆ ಕೊನೆಯ ತೀರ್ಪು ಅವನದು. ಅವನೂ ನಾನೂ ಒಂದೇ ಬೀದಿಯಲ್ಲಿ ಸ್ಕೂಟರ್ ವಾಲಿಸಿದವರು. ಹಿಮದ ಗಾಡಿಯ ಕಥೆಯನ್ನು ಉಸಿರು ಬಿಗಿಹಿಡಿದು ಹೇಳಿದೆ. ಅವನು ಪೂರ್ತಿ ಕೇಳಿದ. ಹಿಮವೆಂದರೆ ಹೇಗಿರುತ್ತದೆ ಎಂದು ಕೇಳಲಿಲ್ಲ. ಎಪ್ಪತ್ತೊಂದು ವರ್ಷದ ಹೆಂಗಸು ಇದನ್ನು ಓಡಿಸುತ್ತಾಳೆಯೇ ಎಂದೂ ಆಶ್ಚರ್ಯಪಡಲಿಲ್ಲ.

"ಅದ್ಸರಿ, ಎಷ್ಟು ಕೊಡುತ್ತೆ?" ಎಂದ.

ಲೀಟರಿಗೆ ಎಷ್ಟು ಕಿಲೋಮೀಟರು ಎಂದು. ನಾನು ಅಳೆದೇ ಇರಲಿಲ್ಲ, ಅದಕ್ಕೆ ನಾಚಿಕೆಯಾಯಿತು. ಮೈಲೇಜು ಗೊತ್ತಿಲ್ಲದ ಗಾಡಿಯನ್ನು ರಿಪೇರಿ ಮಾಡಿದೆ ಎಂದು ಯಾವ ಮುಖ ಹೊತ್ತು ಹೇಳುವುದು? ಮರುದಿನ ಜೋನ್ ಚರ್ಚಿಗೆ ಹೋಗಿದ್ದಾಗ ಗ್ಯಾರೇಜಿಗೆ ನುಗ್ಗಿ ಆ ಪುಟ್ಟ ಸ್ಕ್ರೂವನ್ನು ಸಡಿಲಿಸಿದೆ. ಬಿಸಿಲೇರಿದ ಹೊತ್ತು, ಹದವಾದ ಹವೆ. ಕೂದಲೆಳೆ, ಇನ್ನೊಂದು ಕೂದಲೆಳೆ. ಎಂಜಿನ್ ಅರೆಹೊಟ್ಟೆಯಲ್ಲಿ ಗೊಣಗದೆ ಗುನುಗುವ ಆ ಬಿಂದು ಸಿಕ್ಕಿತು. ದಾವಣಗೆರೆಯೇ ನನ್ನ ಬೆರಳ ತುದಿಗೆ ಬಂದು ಕೂತಂತಿತ್ತು. ಚರ್ಚಿನಿಂದ ಬಂದ ಜೋನ್‌ಗೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟೆ. ಹಗ್ಗ ಎಳೆಯುವಾಗ ಹೆಬ್ಬೆರಳಿನಿಂದ ಆಕ್ಸಿಲರೇಟರನ್ನು ಸ್ವಲ್ಪ ಒತ್ತಬೇಕು, ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತೇವೆ ಎಂದೆ. ತೀರಿಕೊಂಡ ತನ್ನ ಗಂಡ ಕೆವ್ ಅದನ್ನು ಮುಟ್ಟುತ್ತಲೇ ಇರಲಿಲ್ಲವಲ್ಲ ಎಂದು ಅವಳು ಅನುಮಾನಿಸಿದಳು. ಸತ್ತವರ ಮೇಲೆ ವಾದ ಮಾಡುವುದು ಬೇಡವೆಂದು ನಾನು ಬರೀ ಮುಗುಳ್ನಕ್ಕೆ. ಅವಳು ಒತ್ತಿ ಎಳೆದಳು, ಒಂದೇ ಸಲಕ್ಕೆ ಎದ್ದಿತು. ಸಂಜೆ ಅದನ್ನೆಲ್ಲ ನಮ್ಮ ಮನೆಯವರಿಗೆ ಹೇಳಿದೆ. ಟಿವಿಯಿಂದ ಕಣ್ಣು ತೆಗೆಯದೆ, "ಪರವಾಗಿಲ್ಲ" ಎಂದರು.

ಈ ಪರವಾಗಿಲ್ಲದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಜನರ ಹೊಗಳಿಕೆಯ ಬೊಕ್ಕಸದಲ್ಲಿ ಇದಕ್ಕಿಂತ ದೊಡ್ಡ ನಾಣ್ಯವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ನಮ್ಮಪ್ಪ ಹೇಳಿದ್ದೂ ಅದನ್ನೇ. ಮದುವೆಗೆ ಮುನ್ನ ನನ್ನನ್ನು ನೋಡಲು ಬಂದ ನಮ್ಮ ಮನೆಯವರು ತಮ್ಮ ತಾಯಿಗೆ ಹೇಳಿದ್ದೂ ಅದನ್ನೇ ಅಂತೆ, ಅತ್ತೆಯೇ ಹೇಳಿದ್ದರು. ಆಸ್ಟ್ರೇಲಿಯದವರೋ, ನೀವು ಬಾಗಿಲು ಹಿಡಿದು ನಿಂತರೂ ಅದ್ಭುತ ಎನ್ನುತ್ತಾರೆ. ಮೊದಮೊದಲು ನನಗೆ ಇದು ದುಂದುಗಾರಿಕೆ ಎನಿಸುತ್ತಿತ್ತು. ಗೋದಾಮಿನಲ್ಲಿ ಚೀಟಿ ನೇರವಾಗಿ ಅಂಟಿಸಿದೆನೆಂದು ಮೇಲಿನವಳು ಬೆನ್ನು ತಟ್ಟಿದಾಗ, ಇವಳಿಗೇನು ಮಂಕು ಎಂದುಕೊಂಡಿದ್ದೆ.

ಜೂನ್ ಬಂತು. ಆ ವರ್ಷ ಹಿಮ ಬೇಗ ಬಿದ್ದಿತ್ತು. ಶನಿವಾರ ಬೆರಿಲ್‌ಳನ್ನು ಟ್ರೈಲರಿಗೇರಿಸಿಕೊಂಡು ಜೋನ್ ಮುಂದೆ, ನಮ್ಮ ಕಾರು ಹಿಂದೆ ಹೊರಟೆವು. ನಾನು ದಾವಣಗೆರೆಯ ಮಂಡಕ್ಕಿ ಒಗ್ಗರಣೆ ಮಾಡಿ ದೊಡ್ಡ ಡಬ್ಬ ತುಂಬಿಕೊಂಡಿದ್ದೆ. ಮಧ್ಯಾಹ್ನ ಬಿಸಿಲಿನಲ್ಲಿ ಬೆರಿಲ್ ಎರಡನೆಯ ಎಳೆತಕ್ಕೇ ಎದ್ದಳು. ಕಾರ್ ಪಾರ್ಕಿನಿಂದ ವಸತಿಗೃಹದವರೆಗೆ ನಾನು ಜೋನ್‌ಳ ಹಿಂದೆ ಕೂತು, ರಾಜ್ಯೋತ್ಸವದ ಮೆರವಣಿಗೆಯ ಭುವನೇಶ್ವರಿಯ ಹಾಗೆ ಬೀಗುತ್ತ ಹೋದೆ. ಹಿಂದೆ ನಡೆದು ಬರುತ್ತಿದ್ದ ನಮ್ಮ ಮನೆಯವರು ಹೆಜ್ಜೆಗೊಮ್ಮೆ ಮೊಣಕಾಲಿನವರೆಗೆ ಹೂತುಹೋಗುತ್ತಿದ್ದರು.

ಭಾನುವಾರ ಏಳು ಗಂಟೆಗೆ ಎದ್ದು ನೋಡಿದರೆ ಕಿಟಕಿಯ ಗಾಜಿನ ಒಳಮೈ ಕೂಡ ಹೆಪ್ಪುಗಟ್ಟಿತ್ತು. ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ. ಗ್ರಹಾಂ ಬರುವುದು ಹತ್ತಕ್ಕೆ. ಮುಂಚೆ ಒಂದು ಸಲ ನೋಡಿಬಿಡೋಣ ಎಂದು ಜೋನ್ ಹಗ್ಗ ಎಳೆದಳು. ಬೆರಿಲ್ ಕೆಮ್ಮಲೂ ಇಲ್ಲ. ಇಪ್ಪತ್ತು ಸಲ ಎಳೆದಳು. ನಾನು ಎಳೆದೆ. ನಮ್ಮ ಮನೆಯವರು ಎಳೆದರು. ಕೊನೆಗೆ ಅವರು ನನ್ನ ಕಿವಿಯ ಹತ್ತಿರ ಬಂದು, "ವಾಲಿಸಿ ನೋಡೋಣ್ವಾ?" ಎಂದರು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಎಂಕಾಂ ಒಬ್ಬಳು, ಎಂಜಿನಿಯರ್ ಒಬ್ಬರು ಸೇರಿ ಎರಡು ಆಳಿನ ತೂಕದ, ಅಲ್ಲ, ನಾಲ್ಕು ಆಳಿನ ತೂಕದ ಆ ಗಾಡಿಯನ್ನು ಆಸ್ಟ್ರೇಲಿಯದ ಬೆಟ್ಟದ ತುದಿಯಲ್ಲಿ ಒಂದು ಮಗ್ಗುಲಿಗೆ ವಾಲಿಸಲು ಹೋದೆವು. ಅದು ಒಂದು ಗೇಣು ಎದ್ದು, ನಮ್ಮಿಬ್ಬರನ್ನೂ ಹಿಮದಲ್ಲಿ ಕೂರಿಸಿ, ಮತ್ತೆ ನೆಟ್ಟಗೆ ನಿಂತಿತು. ಜೋನ್ ಇದನ್ನು ಯಾವುದೋ ಪೂಜೆ ಎಂದುಕೊಂಡಿರಬೇಕು. ಮೆಟ್ಟಿಲ ಮೇಲೆ ಕೂತು ಕೈಗವಸು ತೆಗೆದು ಅಂಗೈ ನೋಡಿಕೊಂಡಳು. ಹಗ್ಗ ಎಳೆದೂ ಎಳೆದೂ ಕೆಂಪಾಗಿತ್ತು. ಒಂಬತ್ತು ಗಂಟೆಯಾಗಲು ಬಂದಿತ್ತು.

ಆಗ ಸಾಬರ ನೆನಪಾಯಿತು. ಪ್ಲಗ್ ಬಿಚ್ಚಿ ಮೂಸಿದೆ. ಇಷ್ಟು ಎಳೆದ ಮೇಲೆ ಅದು ಪೆಟ್ರೋಲಿನಲ್ಲಿ ತೊಯ್ದಿರಬೇಕಿತ್ತು. ಒಣಗಿ ಕಡ್ಡಿಯಾಗಿತ್ತು, ವಾಸನೆಯೂ ಇಲ್ಲ. ಎಂಜಿನ್ನಿಗೆ ತಿನ್ನಲು ಏನೂ ಸಿಕ್ಕೇ ಇಲ್ಲ. ನಿಂತಲ್ಲೇ ನನಗೆ ಎಲ್ಲವೂ ಹೊಳೆಯಿತು. ಇಂಥ ಚಳಿಯಲ್ಲಿ ಗಾಳಿ ದಟ್ಟವಾಗಿರುತ್ತದೆ, ಪೆಟ್ರೋಲು ಇನ್ನಷ್ಟು ಬೇಕು. ನಾನೋ, ಅಣ್ಣನ ಒಂದು ಪ್ರಶ್ನೆಗೆ ಕಟ್ಟುಬಿದ್ದು, ಹಿಮದ ಗಾಡಿಗೆ ಮೈಲೇಜು ಹಿಡಿಯಲು ಹೋಗಿ ಅದನ್ನು ಉಪವಾಸ ಕೆಡವಿದ್ದೆ. ಇನ್ನೂ ಕೆಲವು ದಿನ ಓಡಿಸಿದ್ದರೆ ಬಿಸಿಗೆ ಪಿಸ್ಟನ್ನೇ ಹಿಡಿದುಕೊಳ್ಳುತ್ತಿತ್ತು. ಆಕ್ಸಿಲರೇಟರಿನ ವಿಷಯದಲ್ಲೂ ಕೆವ್ ಮಾಡುತ್ತಿದ್ದುದೇ ಸರಿ. ಇದರ ಚೋಕ್ ನಮ್ಮ ಸ್ಕೂಟರಿನ ಚೋಕಿನಂಥದಲ್ಲ. ಆಕ್ಸಿಲರೇಟರ್ ಪೂರ್ತಿ ಮುಚ್ಚಿದ್ದರೆ ಮಾತ್ರ ಅದು ಪೆಟ್ರೋಲು ಹೀರುತ್ತದೆ. ಸ್ವಲ್ಪ ಒತ್ತಿದರೂ ಅದರ ಕೆಲಸ ನಿಂತುಹೋಗುತ್ತದೆ. ಅವಳಿಗೆ ತಪ್ಪು ಹೇಳಿಕೊಟ್ಟವಳೂ ನಾನೇ.

ಸುಮ್ಮನೆ ಸ್ಕ್ರೂ ತಿರುವಿ, ಎಲ್ಲ ಚಳಿಯ ತಪ್ಪು ಎಂದುಬಿಡಬಹುದಿತ್ತು. ಆ ಯೋಚನೆ ಬಂದದ್ದೂ ನಿಜ. ಆದರೆ ಅಂಗೈ ಕೆಂಪಾಗಿದ್ದು ಅವಳದು. ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ನಮ್ಮೂರಿನಲ್ಲಿ ಒಳ್ಳೆಯ ಮೆಕ್ಯಾನಿಕ್ ಎಂದರೆ ಕಮ್ಮಿ ಪೆಟ್ರೋಲಿನಲ್ಲಿ ಓಡಿಸುವವನು, ಒಳ್ಳೆಯ ಮೆಕ್ಯಾನಿಕ್ ಎನಿಸಿಕೊಳ್ಳುವ ಆಸೆಗೆ ಬಿದ್ದು ನಿನ್ನ ಗಾಡಿ ಕೆಡಿಸಿದೆ ಎಂದೆ. ಅವಳು ಕೈಗವಸನ್ನು ಮತ್ತೆ ತೊಟ್ಟಳು. ಆಮೇಲೆ, ಒಂದು ಕಿಲೋಮೀಟರು ಹೋಗಿ ಒಂದು ಕಿಲೋಮೀಟರು ಬರುವ ಗಾಡಿಗೆ ಉಳಿತಾಯವೇಕೆ ಎಂದು ನಿಜವಾದ ಕುತೂಹಲದಿಂದ ಕೇಳಿದಳು. ಅವಳು ಎದ್ದು ಸ್ಕ್ರೂ ಡ್ರೈವರ್ ತಂದು ನನ್ನ ಕೈಯಲ್ಲಿಟ್ಟಳು.

ಬೆರಳುಗಳು ಮರಗಟ್ಟಿ ಯಾವುದು ಬೆರಳು, ಯಾವುದು ಸ್ಕ್ರೂ ಡ್ರೈವರ್ ತಿಳಿಯುತ್ತಿರಲಿಲ್ಲ. ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತಂದೆ. ಅಲ್ಲಿಗೂ ನಿಲ್ಲಿಸದೆ ಧಾರಾಳವಾಗಿ ಇನ್ನೂ ಅರ್ಧ ಸುತ್ತು ಬಿಗಿದೆ. ಕೈ ಹಿಂದೆಗೆಯುತ್ತಿತ್ತು, ಇಷ್ಟು ವರ್ಷಗಳ ಅಭ್ಯಾಸ ನೋಡಿ. ಮನಸ್ಸು ಗಟ್ಟಿ ಮಾಡಿಕೊಂಡು ತಿರುವಿದೆ. ಪ್ಲಗ್ ಹಾಕಿ, ಚೋಕ್ ಪೂರ್ತಿ ಎಳೆದು, ಜೋನ್‌ಗೆ ಆಕ್ಸಿಲರೇಟರನ್ನು ಮುಟ್ಟಬೇಡ ಎಂದೆ. ಅವಳು ಎಳೆದಳು. ಇಲ್ಲ. ಮತ್ತೆ ಎಳೆದಳು. ಒಂದು ಕೆಮ್ಮು. ಮೂರನೆಯದಕ್ಕೆ ಬೆರಿಲ್ ಮೈ ಕೊಡವಿಕೊಂಡು ಎದ್ದು, ನೀಲಿ ಹೊಗೆಯನ್ನು ಬಿಳಿಯ ಹಿಮದ ಮೇಲೆಲ್ಲ ಹರಡಿದಳು. ಪೆಟ್ರೋಲಿನಲ್ಲಿ ಬೆರೆತ ಎಣ್ಣೆ ಉರಿಯುವ ಆ ವಾಸನೆ! ಆ ಹಿಮದ ಮಧ್ಯದಲ್ಲಿ ಪಿ.ಬಿ. ರಸ್ತೆಯ ಒಂಬತ್ತೂವರೆ ಗಂಟೆ ಬಂದು ನಿಂತಿತು. ನಾನು ನಕ್ಕೆನೋ ಅತ್ತೆನೋ, ಅಂತೂ ಮೂಗಿನಿಂದ ಇಳಿದದ್ದು ಅಲ್ಲೇ ಹೆಪ್ಪುಗಟ್ಟಿತು.

ಹತ್ತಕ್ಕೆ ಸರಿಯಾಗಿ ಗ್ರಹಾಂ ಬಂದ. ಕೆಟ್ಟವನಲ್ಲ, ಕಟ್ಟುನಿಟ್ಟಿನವನು. ಎಂಜಿನ್ ಮೇಲೆ ಕೈಯಿಟ್ಟು ನೋಡಿ, ಇದು ಬೆಚ್ಚಗಿದೆ, ಬೆಚ್ಚಗಿರುವ ಗಾಡಿಯನ್ನು ಯಾರು ಬೇಕಾದರೂ ಸ್ಟಾರ್ಟ್ ಮಾಡಬಹುದು, ಪೂರ್ತಿ ತಣ್ಣಗಾಗಲಿ ಎಂದ. ನ್ಯಾಯವೇ. ಮೂರು ಗಂಟೆ ಕಾದೆವು. ಅಷ್ಟರಲ್ಲಿ ಕ್ಲಬ್ಬಿನ ಏಳೆಂಟು ಜನ ಸೇರಿದರು. ಸುಮ್ಮನೆ ಕಾಯುವುದೆಂದರೆ ನಮ್ಮ ಕಡೆಯವರಿಗೆ ಆಗುವ ಮಾತೇ? ಮಂಡಕ್ಕಿಯ ಡಬ್ಬ ತೆರೆದೆ. ಹಸಿಮೆಣಸಿನಕಾಯಿ ಕಚ್ಚಿದ ಗ್ರಹಾಂ ಹೊರಗೆ ಹೋಗಿ ಒಂದು ಹಿಡಿ ಹಿಮ ಬಾಯಿಗೆ ಹಾಕಿಕೊಂಡು ಬಂದ. ಬಂದವನು ಮತ್ತೆ ತಟ್ಟೆ ಚಾಚಿದ.

ಒಂದು ಗಂಟೆಗೆ ಬೆರಿಲ್ ಕಲ್ಲಿನ ಹಾಗೆ ತಣ್ಣಗಾಗಿದ್ದಳು. ಮೋಡ ಕವಿದು ಹಿಮ ಉದುರತೊಡಗಿತ್ತು. ಎಲ್ಲರೂ ಹೊರಗೆ ಬಂದು ಸುತ್ತ ನಿಂತರು. ಜೋನ್ ಕೈಗವಸು ತೊಟ್ಟು, ಚೋಕ್ ಎಳೆದು, ಆಕ್ಸಿಲರೇಟರಿನಿಂದ ಹೆಬ್ಬೆರಳನ್ನು ದೂರ ಇಟ್ಟು, ನನ್ನ ಕಡೆ ಒಂದು ಸಲ ನೋಡಿದಳು. ನಾನು ಕೋಟಿನ ಜೇಬಿನೊಳಗೆ ಬೆರಳುಗಳನ್ನು ಹೆಣೆದುಕೊಂಡು ನಮ್ಮ ಮನೆದೇವರನ್ನೂ ಮುನೀರ್ ಸಾಬರನ್ನೂ ಒಟ್ಟಿಗೆ ನೆನೆದೆ. ಮೊದಲ ಎಳೆತಕ್ಕೆ ಒಂದು ಕೆಮ್ಮು. ಎರಡನೆಯದಕ್ಕೆ ಎದ್ದಳು.

ಗ್ರಹಾಂ ತಲೆಯಾಡಿಸಿ, ಈ ಚಳಿಗಾಲವೂ ನಿನ್ನದೇ ಜೋನ್ ಎಂದ. ಆಮೇಲೆ ಬಾಗಿ ಎಂಜಿನ್ನಿನ ಸದ್ದು ಕೇಳಿ, ಇದನ್ನು ಯಾವ ಅಂಗಡಿಯವರು ರಿಪೇರಿ ಮಾಡಿದರು ಎಂದು ವಿಚಾರಿಸಿದ. ಜೋನ್ ಗಾಡಿಯಿಂದ ಇಳಿಯಲಿಲ್ಲ. ಕೆಂಪು ಕೈಗವಸಿನ ಕೈಯನ್ನು ನನ್ನ ಕಡೆ ಚಾಚಿದಳು.

"ಶೀ ಇಸ್ ಮೈ ಮೆಕ್ಯಾನಿಕ್" ಎಂದಳು. "ದ ಬೆಸ್ಟ್ ಐ ಎವರ್ ಹ್ಯಾಡ್."

ಕೆವ್‌ನನ್ನೂ ಸೇರಿಸಿಯೇ ಹೇಳಿದಳು ಎಂದು ಅವಳ ಕಣ್ಣಿನಲ್ಲಿ ಗೊತ್ತಾಯಿತು. ಉಪವಾಸ ಕೆಡವಿದ ಕಥೆಯನ್ನು ಅವಳು ಯಾರಿಗೂ ಹೇಳಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ಅಯ್ಯೋ ನನ್ನದೇನಿದೆ ಎಂದು ಕುಗ್ಗುವುದು ನಮ್ಮ ಪದ್ಧತಿ. ಬಾಯಿ ಅದಕ್ಕೆ ತಯಾರಾಗಿಯೂ ಇತ್ತು. ಆದರೆ ಅಂದು ಬೆಳಿಗ್ಗೆಯಷ್ಟೇ ಅರ್ಧ ಸುತ್ತು ಬಿಗಿದವಳು ನಾನು. ಹೌದು, ನಾನೇ ಮಾಡಿದ್ದು ಎಂದೆ. ಜೋರಾಗಿಯೇ ಎಂದೆ.

ಇಳಿಯುವ ದಾರಿಯಲ್ಲಿ ಪ್ರಕಾಶಣ್ಣನ ಫೋನ್ ಬಂತು. ಗಾಡಿ ಎದ್ದಿತೇ ಎಂದು ಕೇಳಿ, ಎದ್ದಿತು ಎಂದ ಮೇಲೆ, ಕೊನೆಗೂ ಎಷ್ಟು ಕೊಡುತ್ತೆ ಎಂದ. ಬಹಳ ಕುಡಿಯುತ್ತೆ ಅಣ್ಣ, ಅದಕ್ಕೇ ಏಳುತ್ತೆ ಎಂದೆ. ಅವನು ತಂಗಿ ವಿದೇಶದಲ್ಲಿ ಹಾಳಾದಳು ಎಂದುಕೊಂಡಿರಬೇಕು.

ಫೋನಿಟ್ಟ ಮೇಲೆ ನಮ್ಮ ಮನೆಯವರು, ರಸ್ತೆಯಿಂದ ಕಣ್ಣು ತೆಗೆಯದೆ, ತಾವಾಗಿಯೇ ಬಾಯಿಬಿಟ್ಟರು. "ಪರವಾಗಿಲ್ಲ ಕಣೇ."

"ರೀ, ಹೊರಗೆ ಸೊನ್ನೆ ಡಿಗ್ರಿ ಐತಿ," ಎಂದೆ. "ಇಷ್ಟು ಹಾಕಿದ್ರೆ ಏಳಲ್ಲ. ಇನ್ನೂ ಸ್ವಲ್ಪ ಹಾಕ್ರಿ."

ಅವರಿಗೆ ಅರ್ಥವಾಯಿತು. ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ಮದುವೆಯಾಗಿ ಹನ್ನೊಂದು ವರ್ಷ ಸ್ಟಾರ್ಟ್ ಆಗದ ಎಂಜಿನ್, ಕಾಯಲೇಬೇಕು. ಮೂರನೆಯ ತಿರುವಿನಲ್ಲಿ ಗಂಟಲು ಸರಿಮಾಡಿಕೊಂಡರು. "ಎಲ್ರೂ ನಿನ್ನೇ ನೋಡ್ತಿದ್ರಲ್ಲ, ನಂಗೆ ಎದೆ ತುಂಬಿ ಬಂತು ವನಜಾ. ಇವಳು ನನ್ ಹೆಂಡ್ತಿ ಅಂತ ಹೇಳ್ಬೇಕು ಅಂತಿದ್ದೆ. ಬಾಯಲ್ಲಿ ಮಂಡಕ್ಕಿ ಇತ್ತು."

ಅದಾದ ಮೇಲೆ ಜೋನ್ ಬೆರಿಲ್‌ಳೊಂದಿಗೆ ಇನ್ನೂ ಮೂರು ಚಳಿಗಾಲ ಬೆಟ್ಟದ ಮೇಲೆ ಕಳೆದಳು. ಪ್ರತಿ ಏಪ್ರಿಲಿನಲ್ಲಿ ಬೇಲಿಯಾಚೆಯಿಂದ ವ್ಯಾನ್ ಎಂದು ಕರೆಯುತ್ತಿದ್ದಳು, ನಾನು ತಾಮ್ರದ ಎಳೆ ಹಿಡಿದು ಓಡುತ್ತಿದ್ದೆ. ಈ ಬರಹದಲ್ಲಿ ಜಂಬ ಸ್ವಲ್ಪ ಜಾಸ್ತಿಯೇ ಆಯಿತು ಎಂದು ನಿಮಗೆ ಅನ್ನಿಸಿದ್ದರೆ ತಪ್ಪಿಲ್ಲ. ಇನ್ನೊಂದು ಋತುವಿನಲ್ಲಿ ಬರೆದಿದ್ದರೆ ನಾನೂ ಹದ ನೋಡಿ ಹಾಕುತ್ತಿದ್ದೆನೋ ಏನೋ. ಆದರೆ ಇದನ್ನು ಬರೆಯುತ್ತಿರುವುದು ಜುಲೈ ತಿಂಗಳ ಬೆಳಗಿನಲ್ಲಿ, ಕ್ರೇಗಿಬರ್ನಿನಲ್ಲಿ, ಹೊರಗೆ ಮೂರು ಡಿಗ್ರಿ ಇದೆ.